ಅವರ 9.3, ನಮ್ಮ 8.1: ಧಾರಾಳ ಗ್ರೇಡಿನ ಎದುರು ಬಿಗಿ ಗ್ರೇಡು

ಪ್ರಶ್ನೆ: ಮೇಡಂ, ನಾನು ಸಂತೇಬೆನ್ನೂರು ಕಡೆಯ ಅಡಿಕೆ ಬೆಳೆಗಾರ. ಮಗಳು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಏಳನೇ ಸೆಮಿಸ್ಟರ್ ಓದುತ್ತಿದ್ದಾಳೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಪರೀಕ್ಷೆ, ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರಿನ ಒಟ್ಟು ಸರಾಸರಿ, ಹತ್ತಕ್ಕೆ 8.1. ಕ್ಲಾಸಿನ 62 ಮಕ್ಕಳಲ್ಲಿ ಎರಡನೆಯವಳು. ನಮ್ಮ ಅಣ್ಣನ ಮಗ ಬೆಂಗಳೂರಿನ ಹೆಸರಾಂತ ಖಾಸಗಿ ಯೂನಿವರ್ಸಿಟಿಯಲ್ಲಿ ಅದೇ ಕೋರ್ಸಿನಲ್ಲಿದ್ದಾನೆ, ಅವನದು 9.3. ಅವನ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಂದಿಗೆ 9ರ ಮೇಲಿದೆಯಂತೆ. ಇಬ್ಬರೂ ಜರ್ಮನಿಗೆ ಎಂ.ಎಸ್. ಮಾಡಲು ಅರ್ಜಿ ಹಾಕುವವರು. ಹಾರ್ವರ್ಡ್‌ನಲ್ಲೂ ಹೀಗೇ ಎಲ್ಲರಿಗೂ 'ಎ' ಕೊಡುತ್ತಾರೆಂದು ಪೇಪರಿನಲ್ಲಿ ಓದಿದೆ. ದೊಡ್ಡ ಸಂಸ್ಥೆಗಳು ಧಾರಾಳವಾಗಿ ಕೊಟ್ಟುಕೊಂಡರೆ, ಬಿಗಿಯಾಗಿ ಅಂಕ ಕೊಡುವ ಕಡೆ ಓದಿದ ನಮ್ಮ ಮಕ್ಕಳ ಗತಿಯೇನು? ಇದು ನ್ಯಾಯವೇ? ಎಲ್ಲಕ್ಕೂ ಎಂಟ್ರೆನ್ಸ್ ಒಂದೇ ಇಟ್ಟರೆ ಆಗುವುದಿಲ್ಲವೇ? ಮಗ ಈ ವರ್ಷ ದ್ವಿತೀಯ ಪಿಯು. ಅವನನ್ನಾದರೂ ಆ ಯೂನಿವರ್ಸಿಟಿಗೇ ಸೇರಿಸೋಣವೆಂದು ತೋಟದ ಮೇಲೆ ಸಾಲ ವಿಚಾರಿಸಿದ್ದೇನೆ. ಏನು ಹೇಳುತ್ತೀರಿ?

ಉತ್ತರ: ನಿಮ್ಮ ಆತಂಕ ನಿಮ್ಮೊಬ್ಬರದಲ್ಲ. ದಾವಣಗೆರೆಯಲ್ಲಿ ಪಾಠ ಮಾಡುತ್ತಿದ್ದಾಗ, ಶಿಫಾರಸು ಪತ್ರ ಕೇಳಲು ಸ್ಟಾಫ್ ರೂಮಿಗೆ ಬರುವ ಫೈನಲ್ ಇಯರ್ ಮಕ್ಕಳು ವರ್ಷ ವರ್ಷವೂ ಇದನ್ನೇ ಹೇಳುತ್ತಿದ್ದರು: "ಮೇಡಂ, ಅಲ್ಲಿ ಒಂಬತ್ತು ಸಲೀಸಾಗಿ ಬರುತ್ತೆ, ನಮಗೆ ಎಂಟು ದಾಟೋದೇ ಕಷ್ಟ." ಮೌಲ್ಯಮಾಪನ ಕೇಂದ್ರದಲ್ಲೂ ಕೂತಿದ್ದೇನೆ, ಎಂ.ಟೆಕ್. ಸಂದರ್ಶನದ ಸಮಿತಿಗಳಲ್ಲೂ ಕೂತಿದ್ದೇನೆ. ಹಾಗಾಗಿ ಅಂಕ ಕೊಡುವವರ ಕಷ್ಟವೂ ಅದನ್ನು ಓದಿ ಸೀಟು ಕೊಡುವವರ ಕಷ್ಟವೂ ನನಗೆ ಗೊತ್ತು. ಅನ್ಯಾಯ ಇದೆಯೇ ಎಂದು ಕೇಳಿದರೆ, ಇದೆ. ಆದರೆ ನೀವು ಬೆರಳು ತೋರಿಸಿದ ಜಾಗದಲ್ಲಿ ಅದು ಅಷ್ಟಾಗಿ ಇಲ್ಲ. ಮಗನ ಸೀಟಿಗೆ ತೋಟ ಅಡ ಇಡುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಕಾರಣ ಕೊನೆಗೆ ಹೇಳುತ್ತೇನೆ.

ನೀವು ಓದಿದ ಸುದ್ದಿ ಸುಳ್ಳಲ್ಲ. 2025ರ ಅಕ್ಟೋಬರ್‌ನಲ್ಲಿ ಹಾರ್ವರ್ಡ್ ತನ್ನ ಪದವಿ ತರಗತಿಗಳ ಬಗ್ಗೆ ತಾನೇ ಒಂದು ವರದಿ ಹೊರತಂದಿತು. ಅದರ ಪ್ರಕಾರ ಅಲ್ಲಿ ಕೊಟ್ಟ ಗ್ರೇಡ್‌ಗಳಲ್ಲಿ ಶೇ 60ಕ್ಕಿಂತ ಹೆಚ್ಚು 'ಎ'. ಎರಡು ದಶಕಗಳ ಹಿಂದೆ ಇದು ಶೇ 25ರ ಆಸುಪಾಸಿನಲ್ಲಿತ್ತು. ಯೇಲ್‌ನಲ್ಲಿ 2022-23ರ ಲೆಕ್ಕದ ಪ್ರಕಾರ 'ಎ' ಮತ್ತು 'ಎ ಮೈನಸ್' ಎರಡೂ ಸೇರಿ ಶೇ 79ರಷ್ಟು. ಇದು ಅಮೆರಿಕದ ಕಾಯಿಲೆ ಮಾತ್ರ ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಫಸ್ಟ್ ಕ್ಲಾಸ್ ಪದವಿ ಪಡೆದವರ ಪಾಲು 2010-11ರಲ್ಲಿ ಶೇ 16ರಷ್ಟಿದ್ದದ್ದು ಕೋವಿಡ್ ವರ್ಷವಾದ 2020-21ಕ್ಕೆ ಶೇ 37ರಷ್ಟಾಯಿತು. ಆಮೇಲೆ ಸ್ವಲ್ಪ ಇಳಿಯಿತು.

ಇದಕ್ಕೆ ಆ ಸಂಸ್ಥೆಗಳ ಕಡೆಯಿಂದ ಒಂದು ಸಮರ್ಥನೆ ಇದೆ, ಅದನ್ನು ಕೇಳಿಸಿಕೊಳ್ಳದೆ ತಳ್ಳಿಹಾಕುವುದು ಸರಿಯಲ್ಲ. ಸಾವಿರಾರು ಅರ್ಜಿಗಳಲ್ಲಿ ಸೋಸಿ ತೆಗೆದ ಮಕ್ಕಳು ನಮ್ಮವರು, ಎಲ್ಲರೂ ಚೆನ್ನಾಗಿ ಬರೆದರೆ ಎಲ್ಲರಿಗೂ 'ಎ' ಕೊಡುವುದರಲ್ಲಿ ತಪ್ಪೇನು ಎನ್ನುತ್ತಾರೆ. ಮಾತಿನಲ್ಲಿ ಹುರುಳಿದೆ. ಗ್ರೇಡಿನಿಂದ ನಾವು ಎರಡು ಕೆಲಸ ಮಾಡಿಸುತ್ತೇವೆ. ಈ ಹುಡುಗಿಗೆ ವಿಷಯ ಬಂತೇ ಇಲ್ಲವೇ ಎಂದು ಹೇಳುವುದು ಒಂದು. ಇವಳು ಉಳಿದವರಿಗಿಂತ ಮುಂದೋ ಹಿಂದೋ ಎಂದು ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ಇಡೀ ಕ್ಲಾಸಿಗೆ 'ಎ' ಬಂದರೂ ಯಾರಿಗೂ ನಷ್ಟವಿಲ್ಲ. ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಯಲ್ಲಿ ಎಲ್ಲರೂ ಪಾಸಾದರೆ ನಾವು ದೂರುವುದಿಲ್ಲ. ಸೀಟು ಹತ್ತಿದ್ದು ಅರ್ಜಿ ಸಾವಿರ ಬಂದಾಗ ಬೇಕಾಗುವುದು ಎರಡನೆಯದು, ಅಲ್ಲಿ ಶೇ 60 ಮಂದಿಗೆ ಸಿಕ್ಕ 'ಎ' ಏನನ್ನೂ ಹೇಳುವುದಿಲ್ಲ. ಇನ್ನೊಂದು ಮಾತು: ಇಪ್ಪತ್ತು ವರ್ಷದ ಹಿಂದೆಯೂ ಹಾರ್ವರ್ಡ್‌ಗೆ ಸೋಸಿದ ಮಕ್ಕಳೇ ಬರುತ್ತಿದ್ದರು. 'ಎ' ಎರಡು ಪಟ್ಟಿಗೂ ಮಿಕ್ಕಿ ಬೆಳೆದದ್ದಕ್ಕೆ ಮಕ್ಕಳ ಬುದ್ಧಿವಂತಿಕೆಯೊಂದೇ ಕಾರಣವೆಂದು ಒಪ್ಪುವುದು ಕಷ್ಟ. ಆ ವರದಿಯೂ ಹಾಗೆ ಹೇಳಲಿಲ್ಲ.

ಹಾಗಾದರೆ ಯಾಕೆ ಏರುತ್ತದೆ? ಯಾರೋ ಕೂತು "ನಮ್ಮ ಮಕ್ಕಳಿಗೆ ಹೆಚ್ಚು ಕೊಡೋಣ" ಎಂದು ಸಂಚು ಮಾಡಿದ್ದಲ್ಲ. ಒಬ್ಬೊಬ್ಬ ಮೇಷ್ಟ್ರೂ ಒಂದೊಂದು ಸಣ್ಣ ಒತ್ತಡಕ್ಕೆ ಮಣಿಯುತ್ತಾ ಹೋಗಿ ಆದದ್ದು. ಸೆಮಿಸ್ಟರ್ ಕೊನೆಗೆ ವಿದ್ಯಾರ್ಥಿಗಳು ಅಧ್ಯಾಪಕರಿಗೆ ಫೀಡ್‌ಬ್ಯಾಕ್ ಕೊಡುತ್ತಾರೆ, ಕೆಲಸ ಕಾಯಂ ಆಗದ ಅಧ್ಯಾಪಕರಿಗೆ ಆ ಫೀಡ್‌ಬ್ಯಾಕೇ ಅನ್ನ. ಕ್ಯಾಂಪಸ್ಸಿಗೆ ಬರುವ ಕಂಪನಿ 7.0ಕ್ಕಿಂತ ಕಡಿಮೆ ಇದ್ದವರನ್ನು ಪರೀಕ್ಷೆಗೂ ಕೂರಿಸುವುದಿಲ್ಲ ಎಂದಾಗ, 6.9ರಲ್ಲಿ ನಿಂತ ಹುಡುಗನ ಮುಖ ನೋಡಿ ಕೈ ತಡೆಯುವವರು ಕಡಿಮೆ. ಪಕ್ಕದ ವಿಭಾಗದವರು ಕೊಟ್ಟಾಗ ನಾವೊಬ್ಬರೇ ಬಿಗಿ ಹಿಡಿದರೆ ನಮ್ಮ ಎಲೆಕ್ಟಿವ್‌ಗೆ (ಮಕ್ಕಳೇ ಆಯ್ದುಕೊಳ್ಳುವ ವಿಷಯಕ್ಕೆ) ಯಾರೂ ಬರುವುದಿಲ್ಲ. ಲಕ್ಷಗಟ್ಟಲೆ ಫೀಸು ಕಟ್ಟಿದ ಮನೆಯವರು ಪ್ರಿನ್ಸಿಪಾಲರ ಕೋಣೆಗೆ ಬರುತ್ತಾರೆ. ಕೋವಿಡ್ ಕಾಲದಲ್ಲಿ ಕರುಣೆಯಿಂದ ಸಡಿಲಿಸಿದ್ದು ಆಮೇಲೆ ಪೂರ್ತಿ ಹಿಂದಕ್ಕೆ ಹೋಗಲಿಲ್ಲ.

ನಿಮ್ಮ ಮಗಳ ವಿಷಯಕ್ಕೆ ಬಂದರೆ ವ್ಯವಸ್ಥೆಯೇ ಬೇರೆ. ವಿಟಿಯುಗೆ ಸೇರಿದ, ಸ್ವಾಯತ್ತವಲ್ಲದ ಕಾಲೇಜುಗಳಲ್ಲಿ ಈಗಿನ ಸ್ಕೀಮಿನಂತೆ ಅರ್ಧ ಅಂಕ ಕಾಲೇಜಿನ ಕೈಯಲ್ಲಿ, ಅರ್ಧ ಸೆಮಿಸ್ಟರ್ ಪರೀಕ್ಷೆಯಲ್ಲಿ. ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ರಾಜ್ಯಕ್ಕೆಲ್ಲ ಒಂದೇ. ಉತ್ತರ ಪತ್ರಿಕೆ ಸ್ಕ್ಯಾನ್ ಆಗಿ ಯಾವುದೋ ಊರಿನ ಕಂಪ್ಯೂಟರ್ ಪರದೆ ಮೇಲೆ ತೆರೆದುಕೊಳ್ಳುತ್ತದೆ. ಅಲ್ಲಿ ಕೂತವರಿಗೆ ಹೆಸರು ಕಾಣುವುದಿಲ್ಲ, ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಕಾಣುವುದಿಲ್ಲ, ಯಾವ ಕಾಲೇಜೆಂದೂ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಸ್ಕೀಮ್ ಆಫ್ ವ್ಯಾಲ್ಯೂಯೇಷನ್ (ಯಾವ ಉತ್ತರಕ್ಕೆ ಎಷ್ಟು ಅಂಕ ಎಂಬ ಪಟ್ಟಿ) ಇಟ್ಟುಕೊಂಡು ಹೆಜ್ಜೆ ಹೆಜ್ಜೆಗೆ ಅಂಕ ಹಾಕಿ ಮುಂದಿನದಕ್ಕೆ ಹೋಗುತ್ತಾರೆ. "ಈ ಹುಡುಗಿ ಚುರುಕು, ಆ ದಿನ ಜ್ವರ ಇತ್ತೇನೋ" ಎಂಬ ಯೋಚನೆಗೆ ಅಲ್ಲಿ ಜಾಗವೇ ಇಲ್ಲ. ಖಾಸಗಿ ವಿಶ್ವವಿದ್ಯಾಲಯದಲ್ಲಿ, ಸ್ವಾಯತ್ತ ಕಾಲೇಜಿನಲ್ಲಿ ಪಾಠ ಮಾಡಿದವರೇ ಪ್ರಶ್ನೆಪತ್ರಿಕೆ ತೆಗೆದು ಅವರೇ ತಿದ್ದುವುದು ಸಾಮಾನ್ಯ. ತಿದ್ದುವಾಗ ಮುಖ ಕಣ್ಣಮುಂದೆ ಇರುತ್ತದೆ.

ಇದರಿಂದ ಸ್ವಾಯತ್ತ ಎಂದರೆ ಧಾರಾಳ ಎಂದು ತೀರ್ಮಾನಿಸಬೇಡಿ. ಐಐಟಿಗಳಲ್ಲೂ ಪಾಠ ಮಾಡಿದವರೇ ತಿದ್ದುತ್ತಾರೆ, ಅಲ್ಲಿ 9 ತರುವುದು ಎಷ್ಟು ಕಷ್ಟವೆಂದು ಓದಿದವರನ್ನೇ ಕೇಳಿ. ನಮ್ಮ ಕಡೆಯವರೂ ಪೂರ್ತಿ ಬಿಗಿಯಲ್ಲ. ಕಾಲೇಜಿನ ಕೈಯಲ್ಲಿರುವ 50 ಐಎ (ಆಂತರಿಕ ಮೌಲ್ಯಮಾಪನ) ಅಂಕದಲ್ಲಿ 46, 48 ಬರುವುದು, ಅದೇ ಹುಡುಗನಿಗೆ ಸೆಮಿಸ್ಟರ್ ಪರೀಕ್ಷೆಯಲ್ಲಿ 50ಕ್ಕೆ 22 ಬರುವುದು ಎಷ್ಟೋ ಕಾಲೇಜುಗಳಲ್ಲಿ ಇದ್ದದ್ದೇ. ಇನ್ನು "ಅರ್ಧಕ್ಕರ್ಧ ಮಂದಿಗೆ 9ರ ಮೇಲೆ" ಎಂಬುದು ನಿಮ್ಮ ಅಣ್ಣನ ಮಗನ ಬಾಯಿಮಾತು. ಹುಡುಗರು ತಮ್ಮ ಜೊತೆ ಕೂರುವ ಐದಾರು ಮಂದಿಯನ್ನೇ ಇಡೀ ಕ್ಲಾಸ್ ಎಂದುಕೊಂಡಿರುತ್ತಾರೆ. ನಿಜವಿರಬಹುದು, ಇಲ್ಲದಿರಬಹುದು. ಆ ಹುಡುಗನ ಓದನ್ನು ಕಡಿಮೆ ಮಾಡಿ ನೋಡಬೇಡಿ.

ಈಗ ಅನ್ಯಾಯ ಎಲ್ಲಿದೆ ಎಂಬುದಕ್ಕೆ ಬರುತ್ತೇನೆ. ನೀವು ಚನ್ನಗಿರಿ ಮಂಡಿ ನೋಡಿದವರು. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿದ್ದರಿಂದಲೇ ಖರೀದಿದಾರ ಚೀಟಿ ನೋಡಿ ರೇಟು ಬರೆಯುತ್ತಾನೆ. ಒಂದು ಮಂಡಿಯವರು ಎಲ್ಲ ಚೀಲಕ್ಕೂ ಮೇಲಿನ ದರ್ಜೆಯ ಸರಕು ಎಂದೇ ಬರೆಯತೊಡಗಿದರೆ ಏನಾಗುತ್ತದೆ? ಖರೀದಿದಾರ ಚೀಟಿ ನಂಬುವುದು ಬಿಡುತ್ತಾನೆ. ಆಗ ಎರಡರಲ್ಲಿ ಒಂದು ಮಾಡುತ್ತಾನೆ: ಚೀಲ ಬಿಚ್ಚಿಸಿ ತಾನೇ ನೋಡುತ್ತಾನೆ, ಅಥವಾ ಯಾರ ತೋಟದ್ದೆಂದು ಕೇಳುತ್ತಾನೆ. ಪ್ರವೇಶ ಸಮಿತಿಗೆ ಸಾವಿರ ಚೀಲ ಬಿಚ್ಚುವ ಪುರಸೊತ್ತು ಇರುವುದಿಲ್ಲ. ಅದು ಯಾರ ತೋಟದ್ದೆಂದು ಕೇಳುತ್ತದೆ.

ನ್ಯಾಯ ತಪ್ಪುವುದು ಇಲ್ಲಿ. ಗ್ರೇಡಿಗೆ ಬೆಲೆ ಕಡಿಮೆಯಾದಷ್ಟೂ ತೂಕ ಬೇರೆ ಕಡೆ ಸರಿಯುತ್ತದೆ: ಕಾಲೇಜಿನ ಹೆಸರಿಗೆ, ಶಿಫಾರಸು ಪತ್ರ ಬರೆದ ಪ್ರೊಫೆಸರರ ಹೆಸರಿಗೆ, ಬೇಸಿಗೆ ರಜೆಯಲ್ಲಿ ಸಂಬಳವಿಲ್ಲದೆ ಮಾಡಿದ ಇಂಟರ್ನ್‌ಶಿಪ್ಪಿಗೆ, ದುಡ್ಡು ಕಟ್ಟಿ ಹೋದ ಕಾನ್ಫರೆನ್ಸಿಗೆ. ಇವೆಲ್ಲ ಸಂತೇಬೆನ್ನೂರಿನ ಹುಡುಗಿಗಿಂತ ಸದಾಶಿವನಗರದ ಹುಡುಗನಿಗೆ ಸಲೀಸು. ಒಳ್ಳೆಯ ಅಂಕವೊಂದೇ ಬಂಡವಾಳವಾಗಿದ್ದ ಮಗುವಿನ ಕೈಯಿಂದ ಆ ಬಂಡವಾಳದ ಬೆಲೆ ಸದ್ದಿಲ್ಲದೆ ಇಳಿದುಹೋಗುತ್ತದೆ. ನಿಮ್ಮ ಮಗಳಿಗೆ ಅಣ್ಣನ ಮಗನ 9.3ಕ್ಕಿಂತ ಹೆಚ್ಚು ತೊಂದರೆ ಇದರಿಂದ.

ಎರಡನೆಯ ಅನ್ಯಾಯ ಇದಕ್ಕೆ ಅಂಟಿಕೊಂಡೇ ಇದೆ. ಸಮಿತಿಯಲ್ಲಿ ಕೂತವರಿಗೆ ಗೊತ್ತಿರುವ ಕಾಲೇಜು ಎಷ್ಟು ಧಾರಾಳ ಎಂಬ ಅಂದಾಜಿರುತ್ತದೆ, "ಅಲ್ಲಿಯ 9 ಅಂದ್ರೆ ಇಲ್ಲಿಯ 8.3 ಅನ್ನಿ" ಎಂದು ಮನಸ್ಸಿನಲ್ಲೇ ಕಳೆದುಕೊಳ್ಳುತ್ತಾರೆ. ಗೊತ್ತಿಲ್ಲದ ಕಾಲೇಜು ಎಷ್ಟು ಬಿಗಿ ಎಂಬ ಅಂದಾಜು ಯಾರಿಗೂ ಇರುವುದಿಲ್ಲ. ಹಾಗಾಗಿ ಬಿಗಿತನಕ್ಕೆ ಕೂಡಿಸುವವರು ಯಾರೂ ಇಲ್ಲ. ಸಂದರ್ಶನದ ಮೇಜಿನ ಮೇಲೆ ಇದನ್ನು ಕಣ್ಣಾರೆ ಕಂಡಿದ್ದೇನೆ. ದುರುದ್ದೇಶ ಯಾರಿಗೂ ಇರುವುದಿಲ್ಲ, ಕೈಯಲ್ಲಿ ಮಾಹಿತಿ ಇರುವುದಿಲ್ಲ ಅಷ್ಟೆ.

ಬೇರೆ ಬೇರೆ ಕೈ ಕೊಟ್ಟ ಅಂಕಗಳನ್ನು ಒಂದೇ ಗೆರೆ ಮೇಲೆ ನಿಲ್ಲಿಸುವ ಕಷ್ಟ ನಮ್ಮ ರಾಜ್ಯದಲ್ಲೂ ಕೋರ್ಟು ಹತ್ತಿತ್ತು, ನಿಮಗೆ ನೆನಪಿರಬಹುದು. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆಯೇ ನಡೆಯಲಿಲ್ಲ, ಹಳೆಯ ಅಂಕಗಳ ಲೆಕ್ಕದಲ್ಲಿ ಫಲಿತಾಂಶ ಕೊಟ್ಟರು. ಆ ವರ್ಷ ಸಿಇಟಿ ಅಂಕವನ್ನಷ್ಟೇ ಹಿಡಿದರು. 2022ರಲ್ಲಿ ಹಿಂದಿನ ವರ್ಷದವರು ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕವನ್ನು ಬಿಟ್ಟು ರ‍್ಯಾಂಕ್ ಕೊಟ್ಟರು. ಅವರು ಹೈಕೋರ್ಟಿಗೆ ಹೋದರು. ಅಂಕ ಬಿಟ್ಟರೆ ಅವರಿಗೆ ಅನ್ಯಾಯ, ಪರೀಕ್ಷೆ ಬರೆಯದೆ ಸಿಕ್ಕ ಅಂಕವನ್ನು ಹಾಗೇ ಸೇರಿಸಿದರೆ ಪರೀಕ್ಷೆ ಬರೆದು ಬಂದ ಕಿರಿಯರಿಗೆ ಅನ್ಯಾಯ. ಕೊನೆಗೆ ಸಮಿತಿಯೊಂದು 2021ರವರ ಪಿಯು ಅಂಕದಲ್ಲಿ ಸರಾಸರಿ 6 ಅಂಕ ತಗ್ಗಿಸಿ ಸೇರಿಸುವ ಸೂತ್ರ ಕೊಟ್ಟಿತು. ಹೊಸ ರ‍್ಯಾಂಕ್ ಪಟ್ಟಿ ಬಂತು. ಎಲ್ಲರಿಗೂ ಸಮಾಧಾನವಾಗಲಿಲ್ಲ, ಆದರೆ ದಾರಿ ಸರಿಯಿತ್ತು: ಸಡಿಲ ಎಷ್ಟಿದೆ ಎಂದು ಅಳೆದು, ಅಷ್ಟನ್ನು ಬಹಿರಂಗವಾಗಿ ತಗ್ಗಿಸುವುದು. ಹೆಸರು ನೋಡಿ ಮನಸ್ಸಿನಲ್ಲೇ ಕಳೆಯುವುದಕ್ಕಿಂತ ಇದು ಎಷ್ಟೋ ಮೇಲು.

ಎಂಟ್ರೆನ್ಸ್ ಒಂದೇ ಸಾಕು ಎಂಬ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದರ ಹಿಂದಿನ ನೋವು ಅರ್ಥವಾಗುತ್ತದೆ. 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳ ಕೆಲವು ಕೋರ್ಸುಗಳಿಗೆ ಮೊದಲ ಕಟ್‌ಆಫ್ ನೂರಕ್ಕೆ ನೂರು ಆಗಿತ್ತು. ಅಂಕ ಏರುತ್ತಾ ಏರುತ್ತಾ ಚಾವಣಿಗೆ ತಾಗಿದರೆ ಆಗುವುದೇ ಅದು. ಒಂದು ಅಂಕ ಬಿಗಿ ಹಿಡಿದ ಬೋರ್ಡಿನ ಮಗು ಬಾಗಿಲಾಚೆ. ಮರುವರ್ಷ, 2022ರಲ್ಲಿ, ಅವರು ಸಿಯುಇಟಿ ಎಂಬ ದೇಶಮಟ್ಟದ ಎಂಟ್ರೆನ್ಸಿಗೆ ಹೋದರು. ಎಂಟ್ರೆನ್ಸಿನಲ್ಲಿ ಎಲ್ಲರಿಗೂ ಒಂದೇ ಅಳತೆಗೋಲು ಎಂಬುದು ನಿಜ. ಆದರೆ ಆ ಅಳತೆಗೆ ತಯಾರಾಗುವ ಖರ್ಚು ಒಂದೇ ಅಲ್ಲ. ಕೋಚಿಂಗಿಗೆ ಎರಡು ವರ್ಷ, ಹಾಸ್ಟೆಲ್ಲು, ಸಿಗದಿದ್ದರೆ ಇನ್ನೊಂದು ವರ್ಷ. ಪಿಯು ಕ್ಲಾಸಿಗೆ ಹಾಜರಿ ಮಾತ್ರ, ಓದೆಲ್ಲ ಹೊರಗೆ. ಲ್ಯಾಬಿಗೆ ಯಾರೂ ಬೆಲೆ ಕೊಡುವುದಿಲ್ಲ. ಜೆಇಇ ಮೇನ್‌ನಲ್ಲಿ 2013ರಿಂದ 2016ರವರೆಗೆ ಹನ್ನೆರಡನೇ ತರಗತಿಗೆ ಶೇ 40 ತೂಕ ಕೊಟ್ಟಿದ್ದು ಇದೇ ಕಾರಣಕ್ಕೆ, ಬೇರೆ ಬೇರೆ ಬೋರ್ಡುಗಳ ಅಂಕವನ್ನು ಪರ್ಸೆಂಟೈಲ್ (ನೂರರಲ್ಲಿ ಎಷ್ಟು ಮಂದಿಗಿಂತ ಮುಂದು ಎಂಬ ಲೆಕ್ಕ) ಹಿಡಿದು ಸರಿತೂಗಿಸುತ್ತಿದ್ದರು. 2017ರಲ್ಲಿ ಕೈಬಿಟ್ಟರು. ನಮ್ಮ ಸಿಇಟಿಯ ಅರ್ಧ-ಅರ್ಧ ಸೂತ್ರ ಈಗಲೂ ನನಗೆ ಹೆಚ್ಚು ಸರಿ ಎನಿಸುತ್ತದೆ. ಎರಡು ವರ್ಷದ ಓದಿಗೂ ಬೆಲೆ, ಕೆಲವು ಗಂಟೆಯ ಚುರುಕಿಗೂ ಬೆಲೆ.

ಗ್ರೇಡನ್ನೇ ಬಲವಂತದಿಂದ ಇಳಿಸಿದರೆ? ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ಹಾಗೆ ಮಾಡಿತು. 'ಎ' ವರ್ಗದ ಗ್ರೇಡು ಶೇ 35 ಮೀರಬಾರದು ಎಂಬ ಮಿತಿ. ಹತ್ತು ವರ್ಷ ನಡೆಸಿ 2014ರಲ್ಲಿ ಕೈಬಿಟ್ಟಿತು. ಪಕ್ಕದವರು ಕೊಡುತ್ತಲೇ ಇರುವಾಗ ತಾವೊಬ್ಬರೇ ಬಿಗಿ ಹಿಡಿದರೆ ತಮ್ಮ ಮಕ್ಕಳಿಗೇ ಪೆಟ್ಟು ಎಂಬ ಅಂಜಿಕೆ ಅಲ್ಲಿಯ ಮಕ್ಕಳನ್ನು ಬಿಡಲಿಲ್ಲ. ವೆಲ್ಸ್ಲಿ ಎಂಬ ಮಹಿಳಾ ಕಾಲೇಜು ಅದೇ 2004ರಲ್ಲಿ ಕೆಳ ಹಂತದ ಕೋರ್ಸುಗಳ ಸರಾಸರಿ 'ಬಿ ಪ್ಲಸ್' ದಾಟಬಾರದೆಂದು ನಿಯಮ ತಂದಿತು. ನಿಯಮ ತಟ್ಟಿದ ವಿಭಾಗಗಳಿಗೆ ಸೇರುವವರು ಕಡಿಮೆಯಾದರು, ಅಧ್ಯಾಪಕರಿಗೆ ಮಕ್ಕಳು ಕೊಡುವ ರೇಟಿಂಗ್ ಕುಸಿಯಿತು. 2019ರಲ್ಲಿ ಅದೂ ಹೋಯಿತು. ಪ್ರಿನ್ಸ್‌ಟನ್‌ಗೇ ಉಳಿಸಿಕೊಳ್ಳಲು ಆಗದ ಬಿಗಿಯನ್ನು ನಮ್ಮ ಜಿಲ್ಲೆಯ ಕಾಲೇಜು ಒಂಟಿಯಾಗಿ ಹಿಡಿದುಕೊಂಡಿರಲಿ ಎಂದು ನಾನು ಹೇಳಲಾರೆ.

ನನಗೆ ಮನಸ್ಸಿಗೆ ಒಪ್ಪುವ ದಾರಿ ಬೇರೆ. ಗ್ರೇಡು ಎಷ್ಟಾದರೂ ಕೊಡಲಿ, ಅದರ ಪಕ್ಕದಲ್ಲಿ ಕ್ಲಾಸಿನ ಮಟ್ಟವನ್ನೂ ಮುದ್ರಿಸಲಿ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಅಂಕಪಟ್ಟಿಯಲ್ಲಿ ವಿದ್ಯಾರ್ಥಿಯ ಗ್ರೇಡಿನ ಜೊತೆಗೆ ಆ ತರಗತಿಯ ಮೀಡಿಯನ್ ಗ್ರೇಡೂ (ಅರ್ಧ ಮಂದಿ ಮೇಲೆ, ಅರ್ಧ ಮಂದಿ ಕೆಳಗೆ ಇರುವ ನಡುವಿನ ಗ್ರೇಡು) ಇರುತ್ತದೆ. ಯುರೋಪಿನ ಕ್ರೆಡಿಟ್ ವ್ಯವಸ್ಥೆಯ ಮಾರ್ಗಸೂಚಿಯೂ ಗ್ರೇಡು ಹಂಚಿಕೆಯ ಕೋಷ್ಟಕ ಜೊತೆಗಿಡಿ ಎನ್ನುತ್ತದೆ. ಐಐಎಂ ಬೆಂಗಳೂರು ಸಂದರ್ಶನಕ್ಕೆ ಕರೆಯುವಾಗ ಹತ್ತನೇ, ಹನ್ನೆರಡನೇ ತರಗತಿಯ ಅಂಕವನ್ನು ಆಯಾ ಬೋರ್ಡಿನ 90ನೇ ಪರ್ಸೆಂಟೈಲ್ ಅಂಕದಿಂದ ಭಾಗಿಸಿ ಸರಿತೂಗಿಸುವ ಕ್ರಮ ಇಟ್ಟುಕೊಂಡಿತ್ತು. ಇದರಲ್ಲೂ ಒಂದು ತೊಡಕಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ತರಗತಿಗಳ ಮೀಡಿಯನ್ ಗ್ರೇಡನ್ನು ಇಂಟರ್ನೆಟ್ಟಿನಲ್ಲಿ ಹಾಕಿದಾಗ, ಯಾವ ಕೋರ್ಸು ಸುಲಭವೆಂದು ನೋಡಿಕೊಂಡು ಮಕ್ಕಳು ಅದಕ್ಕೇ ಮುಗಿಬಿದ್ದರು. ಅಂಕಪಟ್ಟಿಯಲ್ಲಿ ಅಚ್ಚು ಹಾಕಬೇಕು, ಕೋರ್ಸು ಆಯ್ದುಕೊಳ್ಳುವ ಮೊದಲೇ ಗೋಡೆಗೆ ಅಂಟಿಸಬಾರದು. ನಮ್ಮ ವಿಶ್ವವಿದ್ಯಾಲಯಗಳಿಗೆ ಇದು ಕಷ್ಟದ ಕೆಲಸವೇ ಅಲ್ಲ. ಎಲ್ಲ ಅಂಕವೂ ಕಂಪ್ಯೂಟರಿನಲ್ಲೇ ಇದೆ, ಅಂಕಪಟ್ಟಿಯಲ್ಲಿ ಒಂದು ಕಾಲಂ ಸೇರಿಸಬೇಕು.

ಅದು ಆಗುವ ತನಕ ನಿಮ್ಮ ಮಗಳು ಕಾಯಬೇಕಾಗಿಲ್ಲ. ಆ ಕಾಲಮ್ಮನ್ನು ಅವಳೇ ಮಾಡಿಸಿಕೊಳ್ಳಬಹುದು.

ಜರ್ಮನಿಯ ಲೆಕ್ಕ ಹೇಗೆ ನಡೆಯುತ್ತದೆಂದು ಮೊದಲು ನೋಡಿ. ಅಲ್ಲಿ 1 ಅತ್ಯುತ್ತಮ, 4 ಪಾಸು. ಹೊರದೇಶದ ಅಂಕವನ್ನು ಬವೇರಿಯನ್ ಸೂತ್ರ ಎಂಬುದರಿಂದ ಬದಲಿಸುತ್ತಾರೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಗರಿಷ್ಠದಿಂದ ಪಾಸ್ ಅಂಕ ಕಳೆದು ಬಂದದ್ದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಗರಿಷ್ಠ 10, ಪಾಸು 4 ಎಂದು ಹಿಡಿದರೆ 8.1 ಎಂಬುದು 1.95 ಆಗುತ್ತದೆ, 9.3 ಎಂಬುದು 1.35. ಪಾಸ್ ಅಂಕ 5 ಎಂದು ಬರೆದುಕೊಟ್ಟರೆ ಅದೇ 8.1 ಎಂಬುದು 2.14ಕ್ಕೆ ಜಾರುತ್ತದೆ. ಹಾಗಾಗಿ ಗ್ರೇಡ್ ಕಾರ್ಡಿನಲ್ಲಿ ಪಾಸ್ ಅಂಕ ಸರಿಯಾಗಿ ನಮೂದಾಗಿದೆಯೇ ಎಂದು ನೋಡಿಕೊಳ್ಳುವುದು ಸಣ್ಣ ವಿಷಯವಲ್ಲ. ಈ ಸೂತ್ರಕ್ಕೆ ಕ್ಲಾಸಿನಲ್ಲಿ ಎಷ್ಟು ಜನಕ್ಕೆ 9 ಬಂತೆಂದು ಗೊತ್ತಾಗುವುದಿಲ್ಲ, ನಿಮ್ಮ ದೂರು ಇಲ್ಲಿ ಪೂರ್ತಿ ನ್ಯಾಯವಾದದ್ದು. ಆದರೆ ಹಲವು ಕೋರ್ಸುಗಳು ಕೇಳುವುದು 2.5ರೊಳಗೆ. 1.95 ಅದರೊಳಗಿದೆ. ಆ ಗೆರೆ ದಾಟಿದ ಮೇಲೆ ಓದಿದ ವಿಷಯಗಳು ಅಲ್ಲಿಯ ಕೋರ್ಸಿಗೆ ಎಷ್ಟು ಹೊಂದುತ್ತವೆ, ಉದ್ದೇಶ ಪತ್ರ ಹೇಗಿದೆ ಎಂದು ನೋಡುವ ವಿಭಾಗಗಳು ಬಹಳ. ಕೆಲವು ವಿಭಾಗಗಳು ಭಾರತದವರಿಂದ ಜಿಆರ್‌ಇ (ಹೊರದೇಶದ ಉನ್ನತ ಓದಿಗೆ ಬರೆಯುವ ಪರೀಕ್ಷೆ) ಅಥವಾ ಗೇಟ್ (ನಮ್ಮಲ್ಲಿ ಎಂ.ಟೆಕ್.ಗೆ ಬರೆಯುವ ದೇಶಮಟ್ಟದ ಪರೀಕ್ಷೆ) ಅಂಕವನ್ನೂ ಕೇಳುತ್ತವೆ. ಹಾಗೆ ಕೇಳುವ ಕಡೆ ಅರ್ಜಿ ಹಾಕಲು ನಿಮ್ಮ ಮಗಳು ಹಿಂಜರಿಯಬಾರದು, ಒಂದೇ ಅಳತೆಗೋಲು ಸಿಗುವುದು ಅಲ್ಲೇ. ಅಂಕವನ್ನಷ್ಟೇ ನೋಡಿ ಮೇಲಿನಿಂದ ಕೆಳಕ್ಕೆ ಸೀಟು ತುಂಬುವ ಕೋರ್ಸುಗಳಲ್ಲಿ ಮಾತ್ರ 9.3 ಮುಂದೆ ಹೋಗುತ್ತದೆ. ಅಂಥವು ಪಟ್ಟಿಯಲ್ಲಿ ಒಂದೆರಡು ಇರಲಿ, ಎಲ್ಲವೂ ಅವೇ ಆಗಬಾರದು.

ಈಗಲೇ ಮಾಡಬೇಕಾದ ಕೆಲಸ ಒಂದಿದೆ. ವಿಭಾಗದ ಎಚ್ಒಡಿ ಬಳಿ ಹೋಗಿ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಕೇಳಲಿ. ಅದರಲ್ಲಿ ಹೊಗಳಿಕೆ ಬೇಡ, ಲೆಕ್ಕ ಇರಲಿ: ಆರನೇ ಸೆಮಿಸ್ಟರ್ ಕೊನೆಗೆ ತರಗತಿಯಲ್ಲಿ 62 ವಿದ್ಯಾರ್ಥಿಗಳು, ಈಕೆಯ ಸ್ಥಾನ 2, ತರಗತಿಯ ಸರಾಸರಿ ಸಿಜಿಪಿಎ ಇಷ್ಟು, 9ರ ಮೇಲೆ ಇಷ್ಟು ಮಂದಿ, 8ರ ಮೇಲೆ ಇಷ್ಟು ಮಂದಿ, ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಮತ್ತು ಮೌಲ್ಯಮಾಪನ ಎರಡೂ ವಿಶ್ವವಿದ್ಯಾಲಯದ್ದು. ಕೆಳಗೆ ಪ್ರಿನ್ಸಿಪಾಲರ ಸಹಿ, ಮೊಹರು. ಇಂಥ ಪತ್ರ ಮೇಜಿನ ಮೇಲೆ ಬಂದಾಗ 8.1ರ ಅರ್ಥವೇ ಬದಲಾದದ್ದನ್ನು ನಾನು ನೋಡಿದ್ದೇನೆ. "ಪ್ರಾಮಾಣಿಕಳು, ಶ್ರಮಜೀವಿ, ವಿನಯಶೀಲೆ" ಎಂದು ಎರಡು ಪುಟ ಬರೆದ ಶಿಫಾರಸುಗಳನ್ನು ಯಾರೂ ಮುಗಿಸುವುದಿಲ್ಲ. ಶಿಫಾರಸು ಬರೆಯುವ ಮೇಷ್ಟ್ರಿಗೂ ಇದೇ ಲೆಕ್ಕ ಕೊಡಿ.

ಇದರ ಮಿತಿಯನ್ನೂ ಹೇಳಬೇಕು. ಕ್ಲಾಸಿಗೆ ಎರಡನೆಯವಳು ಎಂದ ಮಾತ್ರಕ್ಕೆ ಬೇರೆ ಕಾಲೇಜಿನ ಎರಡನೆಯವನಿಗೆ ಸಮ ಎಂದಾಗುವುದಿಲ್ಲ. ಸಿಇಟಿಯಲ್ಲಿ ಮೊದಲ ಕೆಲವು ಸಾವಿರದೊಳಗೆ ಬಂದವರೇ ತುಂಬಿರುವ ಕ್ಲಾಸಿನ ಹತ್ತನೆಯವನು ಇವಳಿಗಿಂತ ಮುಂದಿರಬಹುದು. ಸಮಿತಿಗೂ ಆ ಸಂಶಯ ಬಂದೇ ಬರುತ್ತದೆ. ಅದಕ್ಕೆ ಉತ್ತರ ಹೊರಗಿನ ಅಳತೆಯೊಂದೇ. ಗೇಟ್ ಬರೆಯಲಿ. ಮೂರನೇ ವರ್ಷದಿಂದಲೇ ಬರೆಯಬಹುದು, ಅಂಕ ಮೂರು ವರ್ಷ ಊರ್ಜಿತ. ಎನ್‌ಐಟಿಗಳ ಎಂ.ಟೆಕ್.ಗೆ ಸೀಟು ಹಂಚುವ ಸಿಸಿಎಂಟಿ ಎಂಬ ಒಟ್ಟು ಕೌನ್ಸೆಲಿಂಗಿನಲ್ಲಿ ಸಿಜಿಪಿಎ ಅರ್ಹತೆಯ ಹೊಸ್ತಿಲಷ್ಟೇ. ಹೊಸ್ತಿಲು ದಾಟಿದ ಮೇಲೆ 8.1 ಮತ್ತು 9.3 ಎರಡೂ ಒಂದೇ, ಗೇಟ್ ಅಂಕ ಹೇಳಿದಂತೆ ಸೀಟು. ಅರ್ಹತೆ ಪಡೆದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಬಹುಪಾಲು ಇಲ್ಲದಿದ್ದರೂ ವೀಸಾಕ್ಕೆ ವರ್ಷದ ಖರ್ಚೆಂದು 11,904 ಯೂರೊ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗಿಷ್ಟೇ ಎಂದು ಹಣ ತೆಗೆಯಬಹುದಾದ ಖಾತೆ) ತೋರಿಸಬೇಕು, ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ. ಇವೆರಡನ್ನೂ ಎದುರೆದುರು ಇಟ್ಟು ಮನೆಯಲ್ಲಿ ಕೂತು ಮಾತಾಡಿ. ಗೇಟ್‌ನ ಅಪಾಯ ಎಂದರೆ ಅದು ಫೆಬ್ರುವರಿಯಲ್ಲಿ ಬರುತ್ತದೆ, ಏಳನೇ ಸೆಮಿಸ್ಟರಿನ ಪರೀಕ್ಷೆಯ ಬೆನ್ನಿಗೇ. ತಯಾರಿ ಇಲ್ಲದೆ ಬರೆದು ಕಡಿಮೆ ಬಂದರೆ ಮನಸ್ಸು ಕುಗ್ಗುತ್ತದೆ. ಕೇಳದ ಕಡೆ ಆ ಅಂಕ ತೋರಿಸಬೇಕಾಗಿಲ್ಲ ಎಂಬುದು ಸಮಾಧಾನ.

ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕೋರ್ಸು ಇನ್ನೊಂದು ದಾರಿ. ಪಾಠ ಐಐಟಿ, ಐಐಎಸ್ಸಿಯವರದು, ಕೊನೆಯ ಪರೀಕ್ಷೆ ಕೇಂದ್ರಕ್ಕೇ ಹೋಗಿ ಬರೆಯುವಂಥದ್ದು, ದೇಶಕ್ಕೆಲ್ಲ ಒಂದೇ. ತಾನು ಓದಬೇಕೆಂದಿರುವ ವಿಷಯದ ಒಂದೆರಡು ಕಠಿಣ ಕೋರ್ಸುಗಳಲ್ಲಿ ಒಳ್ಳೆಯ ಅಂಕ ಬಂದರೆ ಅದು ಮಾತಾಡುತ್ತದೆ. ಸುಲಭದ ಹತ್ತು ಸರ್ಟಿಫಿಕೇಟು ಗುಡ್ಡೆ ಹಾಕುವುದರಿಂದ ಏನೂ ಆಗದು. ಎಂಟನೇ ಸೆಮಿಸ್ಟರಿನಲ್ಲಿ ಸಿಜಿಪಿಎ ಏರಿಸಲೆಂದು ಸುಲಭದ ಎಲೆಕ್ಟಿವ್ ಹುಡುಕುವುದೂ ಬೇಡ. ಏಳು ಸೆಮಿಸ್ಟರಿನ ಭಾರ ಇರುವಾಗ ಒಂದು ವಿಷಯದಿಂದ 8.1 ಎಂಬುದು 8.15 ಆದೀತು, ಆದರೆ ಜರ್ಮನಿಯವರು ವಿಷಯಗಳ ಪಟ್ಟಿ ನೋಡುವಾಗ ಬೇಕಾದದ್ದೇ ಕಾಣುವುದಿಲ್ಲ.

ಮಗನ ವಿಷಯ. ಬರೀ ಗ್ರೇಡು ಧಾರಾಳವೆಂದು ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ ಮಾಡಬೇಡಿ. ಅವನು ಓದು ಮುಗಿಸಿ ಹೊರಬರುವುದು ಐದು ವರ್ಷದ ಮೇಲೆ. ಎಲ್ಲರಿಗೂ 9 ಕೊಡುವ ಕಡೆಯ 9ನ್ನು ಅಷ್ಟರೊಳಗೆ ಯಾರು ಎಷ್ಟು ನಂಬುತ್ತಾರೆಂದು ಯಾರೂ ಹೇಳಲಾರರು, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಆ ಯೂನಿವರ್ಸಿಟಿಯಲ್ಲಿ ಒಳ್ಳೆಯ ಮೇಷ್ಟ್ರುಗಳು, ಲ್ಯಾಬು, ಬರುವ ಕಂಪನಿಗಳು ಇದ್ದರೆ ಅದು ಬೇರೆ ಕಾರಣ, ಆ ಲೆಕ್ಕದಲ್ಲಿ ತೂಗಿ ನೋಡಿ. ಮೊದಲು ಸಿಇಟಿಯಲ್ಲಿ ಯಾವ ರ‍್ಯಾಂಕ್ ಬರುತ್ತದೆ, ಸರ್ಕಾರಿ ಶುಲ್ಕದಲ್ಲಿ ಯಾವ ಸೀಟು ಸಿಗುತ್ತದೆ ನೋಡಿ. ಅಲ್ಲಿಗೇ ಹೋಗಿ ವಿಚಾರಿಸುವುದಾದರೆ ಅಡ್ಮಿಷನ್ ಕೌಂಟರಿನವರನ್ನು ಸರಾಸರಿ ಪ್ಯಾಕೇಜ್ ಎಷ್ಟೆಂದು ಕೇಳಿ ಬರಬೇಡಿ. ಕಳೆದ ಬ್ಯಾಚಿನಲ್ಲಿ ಗೇಟ್ ಪಾಸಾದವರು ಎಷ್ಟು, ಪಾಠ ಮಾಡುವವರಲ್ಲಿ ಕಾಯಂ ಇರುವವರು ಎಷ್ಟು, ಕ್ಲಾಸಿನ ಸರಾಸರಿ ಸಿಜಿಪಿಎ ಎಷ್ಟು ಎಂದು ಕೇಳಿ. ಕಾಗದದ ಮೇಲೆ ಬರೆದು ಕೊಡಿ ಎನ್ನಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ, ಲ್ಯಾಬಿನಲ್ಲಿ ಏನಿದೆ ಏನಿಲ್ಲ ಎಂದು ನಿಮಗಿಂತ ಬೇಗ ಅವಳಿಗೆ ತಿಳಿಯುತ್ತದೆ.